ಸೀಸೆಯ ಮೇಲಿನ ಹೆಸರು

ಹತ್ತಿ ಲಾರಿ ಓಡಿಸುವ ಒಬ್ಬ ಹುಡುಗ ಆಂಧ್ರದ ಆದವಾನಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ "ನಮಸ್ಕಾರ್ರಿ ಮೇಡಂ" ಎಂದು ಕೈ ಮುಗಿಯುತ್ತಾನೆ. ಹುಡುಗ ಎನ್ನುವುದು ನನ್ನ ಲೆಕ್ಕದಲ್ಲಿ. ಅವನ ಮಕ್ಕಳೇ ಈಗ ಹೈಸ್ಕೂಲಿಗೆ ಹೋಗುತ್ತಿದ್ದಾರೆ. ಅವನು ಕೈ ಮುಗಿದಾಗ ನನ್ನ ಕಣ್ಣು ಮೊದಲು ಹೋಗುವುದು ಅವನ ಎಡ ಮುಂಗೈಗೆ. ಅಲ್ಲಿ ಜೋಳದ ಕಾಳಿನಷ್ಟು ಗಾತ್ರದ ನಾಲ್ಕು ಬಿಳಿ ಕಲೆಗಳಿವೆ. ನಾನು ವಿಜ್ಞಾನದ ಟೀಚರಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಆದ ಕಲೆಗಳು ಅವು.

ಬೇಸಿಗೆ ರಜೆಗೆ ಮುಂಚಿನ ವಾರ. ಪ್ರಯೋಗಾಲಯ ಎಂದು ನಾವು ಕರೆಯುತ್ತಿದ್ದದ್ದು ಒಂದು ಕೋಣೆ, ಎರಡು ಬೀರು, ಕಡಪಾ ಕಲ್ಲು ಹಾಸಿದ ಒಂದು ಉದ್ದನೆಯ ಕಟ್ಟೆ. "ಖಾಲಿ ಸೀಸೆಗಳನ್ನೆಲ್ಲ ನೀರು ಹಾಕಿ ತೊಳೆದಿಡು" ಎಂದು ಒಂಬತ್ತನೆಯ ತರಗತಿಯ ಆ ಹುಡುಗನಿಗೆ ಹೇಳಿದವಳು ನಾನೇ. ಒಂದು ಸೀಸೆ ಖಾಲಿಯಾಗಿರಲಿಲ್ಲ. ತಳದಲ್ಲಿ ಎರಡು ಬೆರಳಷ್ಟು ಸಾಂದ್ರ ಸಲ್ಫ್ಯೂರಿಕ್ ಆಮ್ಲ ಉಳಿದಿತ್ತು. ಸೀಸೆಗೆ ಚೀಟಿ ಇತ್ತು, ಆದರೆ ಹೆಸರು ಇಂಗ್ಲಿಷಿನಲ್ಲಿತ್ತು. ಅದರಲ್ಲೂ ಅರ್ಧವನ್ನು ಒಳಗಿನ ಆಮ್ಲವೇ ತಿಂದಿತ್ತು. ಹುಡುಗ ಹೊಳಗುಂದದ ಕಡೆಯ ಹಳ್ಳಿಯವನು. ಕನ್ನಡ ಓದುತ್ತಿದ್ದ, ತೆಲುಗಿನ ಬಸ್ ಬೋರ್ಡು ಓದುತ್ತಿದ್ದ. ಆ ಚೀಟಿ ಅವನ ಪಾಲಿಗೆ ಬರೀ ಮಾಸಿದ ಕಾಗದ. ಬಿಂದಿಗೆಯಿಂದ ನೀರು ಸುರಿದ. ಸೀಸೆ ಚಟಪಟ ಎಂದು ಉಗುಳಿತು.

ಆ ಆಮ್ಲ ನೀರಿಗಿಂತ 1.84 ಪಟ್ಟು ಭಾರ. ಮೇಲಿನಿಂದ ಸುರಿದ ನೀರು ಅದರೊಳಗೆ ಇಳಿಯುವುದಿಲ್ಲ. ಮೇಲೆಯೇ ತೇಲಿ, ಎರಡೂ ಕೂಡುವ ಜಾಗದಲ್ಲಿ ಹುಟ್ಟುವ ಕಾವಿಗೆ ಅಲ್ಲೇ ಕುದಿದು ಆಮ್ಲವನ್ನೂ ಎಳೆದುಕೊಂಡು ಸಿಡಿಯುತ್ತದೆ. ಇದನ್ನೇ ತಿರುಗುಮುರುಗು ಮಾಡಿ, ನೀರಿಗೆ ಆಮ್ಲವನ್ನು ಸಣ್ಣಗೆ ಬಿಡುತ್ತ ಕಲಕಿದರೆ ಭಾರದ ಆಮ್ಲ ಕೆಳಗಿಳಿದು ನೀರಿನ ತುಂಬ ಹರಡುತ್ತದೆ, ಕಾವೂ ಹಂಚಿಹೋಗುತ್ತದೆ. ಇದೆಲ್ಲ ನನಗೆ ಬಿ.ಎಸ್ಸಿ.ಯಲ್ಲೇ ಗೊತ್ತಿತ್ತು. ಮಕ್ಕಳಿಗೆ ಅದನ್ನು ಹೇಳಿಕೊಡಲು ನಾಲ್ಕು ಪದಗಳ ಒಂದು ಮಾತು ಕಟ್ಟಿದ್ದು ಆ ದಿನದ ನಂತರ: "ನೀರು ಮೊದಲು, ಆಮ್ಲ ಆಮೇಲೆ." ಆಮ್ಲ, ಆಮೇಲೆ ಎರಡೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಯಾವ ಮಗುವೂ ಅದನ್ನು ಮರೆಯಲಿಲ್ಲ.

ಅವತ್ತು ಹುಡುಗನನ್ನು ಉಳಿಸಿದ್ದು ನಾನಲ್ಲ, ನಮ್ಮ ಅಟೆಂಡರ್. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ಕೊಬ್ಬರಿ ಎಣ್ಣೆ ಹುಡುಕುತ್ತ ಓಡಾಡುತ್ತಿದ್ದಾಗ ಅವರು ಹುಡುಗನ ರಟ್ಟೆ ಹಿಡಿದು ಅಂಗಳದ ಬೋರಿಂಗಿಗೆ ಎಳೆದೊಯ್ದರು. "ಎಣ್ಣಿಗಿಣ್ಣಿ ಏನೂ ಬ್ಯಾಡ್ರಿ ಅಮ್ಮಾ, ನೀರು, ಬರೀ ನೀರು" ಎನ್ನುತ್ತ ಇಪ್ಪತ್ತು ನಿಮಿಷ ಹಿಡಿಕೆ ಒತ್ತಿದರು. ಅದರಿಂದಲೇ ನಾಲ್ಕು ಚುಕ್ಕೆಗೆ ಮುಗಿಯಿತು.

ಚಾಚಾ ಓದಿದ್ದು ಉರ್ದು ಐದನೆಯ ತರಗತಿ. ಹಿಂದೆ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಬಹಳ ವರ್ಷ ಸೀಸೆ ತೊಳೆದವರು. ಅವರ ಕೈಯಲ್ಲಿ ಸೀಸೆ ಇರುವ ರೀತಿಯೇ ಬೇರೆ. ಚೀಟಿ ಇರುವ ಬದಿ ಅಂಗೈಗೆ ತಾಗಿರಬೇಕು. ಆಗ ಬಾಯಿಂದ ಇಳಿಯುವ ಹನಿ ಎದುರು ಬದಿಯಲ್ಲಿ ಹರಿಯುತ್ತದೆ, ಹೆಸರು ಉಳಿಯುತ್ತದೆ. ಬಿರಡೆಯನ್ನು ಮೇಜಿನ ಮೇಲೆ ಇಡಬಾರದು, ಎರಡು ಬೆರಳ ನಡುವೆ ಹಿಡಿದುಕೊಂಡೇ ಸುರಿಯಬೇಕು. ಕಾಯಿಸುವ ಪ್ರನಾಳದ ಬಾಯಿ ಗೋಡೆಯ ಕಡೆಗೆ, ಯಾರ ಮುಖದ ಕಡೆಗೂ ಅಲ್ಲ. ವಾಸನೆ ನೋಡಬೇಕಾದರೆ ಮೂಗು ಸೀಸೆಗೆ ಹೋಗಬಾರದು, ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಳ್ಳಬೇಕು. ಪಿಪೆಟ್ಟಿಗೆ ಬಾಯಿ ಹಚ್ಚಿ ಎಳೆಯುವುದನ್ನು ಅವರು ಕಂಡರೆ ಮೇಷ್ಟ್ರು ವಿದ್ಯಾರ್ಥಿ ಎಂದು ನೋಡದೆ ಗದರುತ್ತಿದ್ದರು. ಪುಸ್ತಕದಲ್ಲಿ ಒಂದೊಂದು ಸಾಲಾಗಿ ಇರುವ ಇವೆಲ್ಲ ಅವರಿಗೆ ರೊಟ್ಟಿ ಬಡಿಯುವವರ ಕೈಗೆ ಬರುವ ಹಾಗೆ ಬಂದಿದ್ದವು.

ಮೈಕೆಲ್ ಫ್ಯಾರಡೆಯ ಕಥೆಯನ್ನು ನಾನು ಮಕ್ಕಳಿಗೆ ಹೇಳುವಾಗ ಚಾಚಾರನ್ನೂ ಕರೆದು ಕೂರಿಸುತ್ತಿದ್ದೆ. ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತ ಆ ಹುಡುಗ 1813ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ್ದು ಸಹಾಯಕನಾಗಿ. ವಾರಕ್ಕೆ 25 ಷಿಲ್ಲಿಂಗ್ ಸಂಬಳ, ಮೇಲಂತಸ್ತಿನಲ್ಲಿ ಎರಡು ಕೋಣೆ. ಉಪನ್ಯಾಸಕ್ಕೆ ಬೇಕಾದ ಉಪಕರಣ ತಂದಿಡುವುದು, ವಾರಕ್ಕೊಮ್ಮೆ ಮಾದರಿಗಳನ್ನು ಒರೆಸುವುದು, ಗಾಜಿನ ಬೀರುವಿನ ಉಪಕರಣಗಳನ್ನು ತಿಂಗಳಿಗೊಮ್ಮೆಯಾದರೂ ಧೂಳು ಕೊಡವಿ ಶುಚಿ ಮಾಡುವುದು ಅವನ ಕೆಲಸಗಳು. ಸೇರಿದ ಕೆಲವೇ ವಾರಗಳಲ್ಲಿ, ತನ್ನ ಗುರು ಡೇವಿಗೆ ಸಹಾಯ ಮಾಡುತ್ತಿದ್ದಾಗ, ನೈಟ್ರೋಜನ್ ಕ್ಲೋರೈಡ್ ತುಂಬಿದ ಪುಟ್ಟ ನಳಿಗೆ ಅವನ ಬೆರಳುಗಳ ನಡುವೆಯೇ ಸಿಡಿಯಿತು. ಕೈ ಸೀಳಿತು, ಉಗುರಿನ ಒಂದು ಭಾಗ ಹಾರಿಹೋಯಿತು. ಮುಖ ಒಂದು ಅಡಿ ದೂರದಲ್ಲಿತ್ತು. ಗಾಜಿನ ಮುಖವಾಡ ಹಾಕಿಕೊಂಡಿದ್ದರಿಂದ ಕಣ್ಣು ಉಳಿದವು. ಮುಂದೆ ವಿದ್ಯುತ್ತಿನ ಲೋಕವನ್ನೇ ತೆರೆದವನು 1827ರಲ್ಲಿ ಬರೆದ ದೊಡ್ಡ ಪುಸ್ತಕದ ವಿಷಯವೂ ಅದೇ, ಪ್ರಯೋಗಾಲಯದ ಕೈಕೆಲಸ: ಹೇಗೆ ತೂಗಬೇಕು, ಹೇಗೆ ಕಾಯಿಸಬೇಕು, ಬಿರಡೆ ಹೇಗೆ ಕೂರಿಸಬೇಕು, ಗಾಜು ಹೇಗೆ ತೊಳೆಯಬೇಕು. ಚಾಚಾ ಕಥೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಗಾಜಿನ ಮುಖವಾಡ ನಮ್ಮ ಮಕ್ಕಳಿಗೆ ಯಾಕ ಇಲ್ಲರೀ ಅಮ್ಮಾ?"

ಮರುದಿನ ಆದವಾನಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್ ಕೆಲಸದವರು ಹಾಕಿಕೊಳ್ಳುವ ಬಿಳಿ ಕನ್ನಡಕಗಳನ್ನು ಕೊಂಡೆ. ಹನ್ನೆರಡು. ಅಲ್ಲಿಂದ ಮುಂದೆ ಹನ್ನೆರಡು ಮಕ್ಕಳಿಗಿಂತ ಹೆಚ್ಚು ಜನ ಒಟ್ಟಿಗೆ ಪ್ರಯೋಗಕ್ಕೆ ನಿಲ್ಲಲಿಲ್ಲ. ಹೆಣ್ಣುಮಕ್ಕಳ ಎರಡು ಜಡೆ, ರಿಬ್ಬನ್ನು, ಅದರ ಮೇಲೆ ಕನಕಾಂಬರದ ಮಾಲೆ. ಸ್ಪಿರಿಟ್ ದೀಪದ ಮೇಲೆ ಬಗ್ಗಿದರೆ ಏನಾಗುತ್ತದೆಂದು ನೆನೆದೇ ನನಗೆ ನಿದ್ದೆ ಬರುತ್ತಿರಲಿಲ್ಲ. ಬಿಸಿಲು ಬೀಳುವ ಕಟ್ಟೆಯ ಮೇಲೆ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಜಡೆಗಳನ್ನು ಹಿಂದಕ್ಕೆ ಮಡಿಚಿ ಕಟ್ಟಿ, ದಾವಣಿಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ನನಗೆ ತೋರಿಸಿಯೇ ಒಳಗೆ ಬರಬೇಕಿತ್ತು. ಉರಿಯುತ್ತಿರುವ ದೀಪಕ್ಕೆ ಸ್ಪಿರಿಟ್ ಸುರಿಯುವ ಮಾತೇ ಇಲ್ಲ. ಆರಿಸುವುದು ಊದಿ ಅಲ್ಲ, ಮುಚ್ಚಳ ಮುಚ್ಚಿ.

ಈ ಸೀಮೆಗೆ ತನ್ನದೇ ಕೆಲವು ಅಪಾಯಗಳಿವೆ, ಎಲ್ಲೋ ಬರೆದ ಪುಸ್ತಕಗಳಲ್ಲಿ ಅವಕ್ಕೆ ಜಾಗವಿಲ್ಲ. ಆದವಾನಿಯ ಏಪ್ರಿಲ್, ಮೇ ಎಂದರೆ 40 ಡಿಗ್ರಿ ದಾಟುವ ಬಿಸಿಲು. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ಅಂದರೆ ನಮ್ಮ ಮಧ್ಯಾಹ್ನದ ಕೋಣೆಯಲ್ಲಿ, ಒಲೆಯಿಲ್ಲದೆ, ಬೀರುವಿನೊಳಗೇ ಅದು ಕುದಿಯಬಲ್ಲದು. ಅದರ ಆವಿ ನೆಲದ ಮೇಲೆ ಹರಿದು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ವರ್ಷಗಟ್ಟಲೆ ಇಟ್ಟ ಈಥರಿನಲ್ಲಿ ಪೆರಾಕ್ಸೈಡ್ ಕಟ್ಟುತ್ತದೆ, ಮುಚ್ಚಳ ತಿರುವುವ ಒತ್ತಡಕ್ಕೇ ಸಿಡಿಯಬಹುದು. ನನಗಿಂತ ಹಿಂದಿನವರು ಬಿಟ್ಟುಹೋದ ಅಂಥ ಒಂದು ಸೀಸೆ ನಮ್ಮ ಬೀರುವಿನಲ್ಲಿತ್ತು. ನಾವು ಅದನ್ನು ಮುಟ್ಟದೆ, ಬೀಗ ಹಾಕಿ, ತಿಳಿದವರನ್ನು ಕರೆಸಿ ವಿಲೇವಾರಿ ಮಾಡಿಸಿದೆವು. ಇನ್ನು ಅಮೋನಿಯಾ. ಆ ಬಿಸಿಲಿಗೆ ಸೀಸೆಯೊಳಗೆ ಅನಿಲ ಉಬ್ಬಿ ಕೂತಿರುತ್ತದೆ. ಬಿರಡೆ ಎತ್ತಿದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಚಾಚಾ ಅದನ್ನು ತಣ್ಣೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಳಿಸಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ ತೆರೆಯುತ್ತಿದ್ದರು.

ಎರಡೇ ಬೀರು ಇದ್ದ ಶಾಲೆಯಲ್ಲಿ ಒಂದು ತಪ್ಪು ಮೊದಲಿನಿಂದ ನಡೆದುಬಂದಿತ್ತು. ಆಮ್ಲದ ಸೀಸೆಗಳೂ ತಕ್ಕಡಿ, ಸೂಕ್ಷ್ಮದರ್ಶಕಗಳೂ ಒಂದೇ ಬೀರುವಿನಲ್ಲಿದ್ದವು. ಗಾಜಿನ ಮೇಲೆಲ್ಲ ಸದಾ ಒಂದು ಬಿಳಿ ಪುಡಿ. ಸುಣ್ಣ ಉದುರಿದೆ ಎಂದುಕೊಂಡಿದ್ದೆ. ಚಾಚಾ ಬೆರಳಲ್ಲಿ ತೀಡಿ ನೋಡಿ, "ಇದು ನಮ್ಮಪ್ಪನ ಕಲಾಯಿ ಹೊಗಿ ಅಮ್ಮಾ" ಎಂದರು. ಅವರ ತಂದೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಕಾದ ತಪ್ಪಲೆಗೆ ನವಸಾಗರ ಎರಚಿದಾಗ ಏಳುವ ಬಿಳಿ ಹೊಗೆಯನ್ನು ನೋಡುತ್ತಲೇ ಚಾಚಾ ಬೆಳೆದಿದ್ದರು. ಅವರ ಮಾತು ಅಕ್ಷರಶಃ ನಿಜ. ಅಮೋನಿಯಾದ ಪಕ್ಕದಲ್ಲೇ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟಿದ್ದರು. ಬಿರಡೆಗಳ ಸಂದಿಯಿಂದ ಸೋರಿದ ಎರಡೂ ಆವಿಗಳು ಕೂಡಿ ನವಸಾಗರವಾಗಿ, ಅಮೋನಿಯಂ ಕ್ಲೋರೈಡಾಗಿ, ಹಿತ್ತಾಳೆಯ ತೂಕದ ಬೊಟ್ಟುಗಳ ಮೇಲೆ, ಮಸೂರಗಳ ಮೇಲೆ ಕೂತಿತ್ತು. ಬೊಟ್ಟುಗಳು ಹಸಿರುಗಟ್ಟಿದ್ದವು. ಹಸಿರುಗಟ್ಟಿದ ಬೊಟ್ಟು ತನ್ನ ಮೇಲೆ ಕೊರೆದ ತೂಕವನ್ನು ಇನ್ನು ತೂಗುವುದಿಲ್ಲ. ಎಷ್ಟು ವರ್ಷ ಎಷ್ಟು ಮಕ್ಕಳು ಆ ತೂಕದಲ್ಲಿ ಲೆಕ್ಕ ಹಾಕಿ, ಉತ್ತರ ಬಾರದೆ ತಮ್ಮನ್ನೇ ದಡ್ಡರೆಂದುಕೊಂಡರೋ! ಅಂದೇ ಆಮ್ಲಗಳನ್ನು ಕೆಳಗಿನ ಗೂಡಿಗೆ, ಅಮೋನಿಯಾವನ್ನು ಕೋಣೆಯ ಇನ್ನೊಂದು ಮೂಲೆಗೆ, ಉಪಕರಣಗಳನ್ನು ಹೆಡ್‌ಮಾಸ್ಟರ ಕೋಣೆಗೆ ಸಾಗಿಸಿದೆವು.

ಆ ತಕ್ಕಡಿಯನ್ನು ಚಾಚಾ ಮಗುವಿನಂತೆ ನೋಡಿಕೊಂಡರು. ಅದರ ತೋಳು ಕೂರುವ ಅಂಚು ಅಗೇಟ್ ಕಲ್ಲಿನದು ಎಂದು ನಾನು ವಿವರಿಸಿದಾಗ ಅವರು ಬಗ್ಗಿ ನೋಡಿ, ತಮ್ಮ ಬೆಳ್ಳಿಯುಂಗುರದ ಕಲ್ಲು ತೋರಿಸಿದರು. "ಇದಾ ಅಲ್ಲೇನ್ರಿ? ಅಕೀಕು." ಅದೇ ಕಲ್ಲು. ಗಟ್ಟಿ, ತುಕ್ಕು ಹಿಡಿಯದು, ಆದರೆ ಪೆಟ್ಟು ಬಿದ್ದರೆ ಅಂಚು ಚಕ್ಕೆಯೇಳುತ್ತದೆ. ಆದ್ದರಿಂದಲೇ ತಟ್ಟೆಗೆ ಬೊಟ್ಟು ಇಡುವ ಮೊದಲು, ತೆಗೆಯುವ ಮೊದಲು, ಹಿಡಿ ತಿರುವಿ ತೋಳನ್ನು ಕೆಳಗಿಳಿಸಿ ವಿಶ್ರಾಂತಿಗೆ ಕೂರಿಸಬೇಕು. ಬೊಟ್ಟನ್ನು ಚಿಮುಟದಿಂದಲೇ ಹಿಡಿಯಬೇಕು, ಬೆರಳಿನ ಬೆವರೂ ತೂಕವೇ. ಕಾದ ವಸ್ತುವನ್ನು ತೂಗಬಾರದು. ಅದರ ಸುತ್ತ ಮೇಲೇಳುವ ಗಾಳಿ ತಟ್ಟೆಯನ್ನು ಎತ್ತುತ್ತದೆ. ಗಾಜಿನ ಬಾಗಿಲು ಮುಚ್ಚಿರಬೇಕು. ಮಕ್ಕಳಿಗೆ ಇದನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅಕ್ಕಸಾಲಿಯ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತ್ರಾಸನ್ನು, ಚಿಮುಟ ಹಿಡಿದ ಅವನ ಬೆರಳುಗಳನ್ನು, ಉಸಿರು ಬಿಗಿಹಿಡಿದು ಮುಳ್ಳು ನೋಡುವ ಅವನ ಕಣ್ಣನ್ನು ಅವರೆಲ್ಲ ನೋಡಿದ್ದರು.

ಸೂಕ್ಷ್ಮದರ್ಶಕದ ವೈರಿ ಬೇರೆ. ಮಲೆನಾಡಿನ ಶಾಲೆಗಳಲ್ಲಿ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ. ನಮಗೆ ಎರಿಮಣ್ಣಿನ ಧೂಳು, ಜಿನ್ನಿಂಗ್ ಮಿಲ್ಲಿನ ಕಡೆಯಿಂದ ತೇಲಿಬರುವ ಅರಳೆಯ ನವಿರು. ಧೂಳು ಕೂತ ಮಸೂರವನ್ನು ಸೆರಗಿನಲ್ಲಿ ಒರೆಸಿದರೆ ಆ ಮಣ್ಣಿನ ಕಣಗಳೇ ಗಾಜನ್ನು ಗೀಚುತ್ತವೆ. ಮೊದಲು ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಮೆತ್ತನೆ ಕುಂಚ, ಕೊನೆಗೆ ಮಸೂರದ ಕಾಗದ. ಹತ್ತಿಯ ಊರಲ್ಲಿದ್ದುಕೊಂಡು ಔಷಧಿ ಅಂಗಡಿಯ ಹತ್ತಿ ಕೊಳ್ಳುವುದೇಕೆ ಎಂದು ಒಂದು ಮಗು ಕೇಳಿತ್ತು, ಒಳ್ಳೆಯ ಪ್ರಶ್ನೆ. ಹೊಲದಿಂದ ಬಂದ ಹತ್ತಿಯ ಎಳೆಗೆ ಸಹಜವಾದ ಮೇಣದ ಲೇಪವಿರುತ್ತದೆ. ನೀರಿನ ಬಟ್ಟಲಿಗೆ ಎರಡನ್ನೂ ಹಾಕಿ ತೋರಿಸಿದೆ: ಹೊಲದ ಹತ್ತಿ ತೇಲಿತು, ಅಂಗಡಿಯ ಹತ್ತಿ ಮುಳುಗಿತು. ಕ್ಷಾರದಲ್ಲಿ ಬೇಯಿಸಿ ಮೇಣ ತೆಗೆದದ್ದೇ ಔಷಧಿ ಹತ್ತಿ. ಧೂಳೆಬ್ಬಿಸುವ ಇಲ್ಲಿನ ಒಣಹವೆಯೇ ನಮಗೆ ಒಂದು ಉಪಕಾರವನ್ನೂ ಮಾಡುತ್ತದೆ. ಗಾಜಿನ ಕಡ್ಡಿಗೆ ರೇಷ್ಮೆ ಉಜ್ಜಿ ವಿದ್ಯುದ್ದರ್ಶಕದ ಎಲೆಗಳನ್ನು ಅರಳಿಸುವ ಪ್ರಯೋಗ ಇಲ್ಲಿ ಜನವರಿಯಲ್ಲಿ ಒಂದು ದಿನವೂ ಕೈಕೊಡಲಿಲ್ಲ.

ಪಾದರಸದ ವಿಷಯದಲ್ಲಿ ನನಗೆ ಇವತ್ತಿಗೂ ಭಯ. ಚಿಕ್ಕವಳಿದ್ದಾಗ, ಒಡೆದ ಥರ್ಮಾಮೀಟರಿನ ಒಂದು ಮಣಿಯನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡು ವಾರಗಟ್ಟಲೆ ಅಂಗೈ ಮೇಲೆ ಉರುಳಿಸಿದ್ದೆ. ಕೋಣೆಯ ಶಾಖಕ್ಕೇ ಅದು ಕಾಣದ ಆವಿಯಾಗುತ್ತಿರುತ್ತದೆ, ಆ ಆವಿ ಮಿದುಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದಕ್ಕೆ ದೇಶಗಳು ಒಪ್ಪಿದ್ದು 2013ರಲ್ಲಿ, ಅದು ಜಾರಿಗೆ ಬಂದದ್ದು 2017ರ ಆಗಸ್ಟ್ 16ರಂದು. ಹಳೆಯ ಶಾಲೆಗಳ ಡ್ರಾಯರುಗಳಲ್ಲಿ ಹಳೆಯ ಥರ್ಮಾಮೀಟರುಗಳು ಇನ್ನೂ ಇವೆ. ಒಡೆದರೆ ಪೊರಕೆ ಹಿಡಿಯಬಾರದು, ಮಣಿಗಳು ನೂರಾಗಿ ಚದುರುತ್ತವೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ, ಮುಚ್ಚಳ ಬಿಗಿಯಾದ ಸೀಸೆಗೆ ಹಾಕಿ, ನೆಲದ ಬಿರುಕುಗಳಲ್ಲಿ ಉಳಿದದ್ದಕ್ಕೆ ಗಂಧಕದ ಪುಡಿ ಉದುರಿಸಬೇಕು.

ಅಪಾಯ ನಮ್ಮಂಥ ಸಣ್ಣ ಶಾಲೆಗಳಿಗಷ್ಟೇ ಅಲ್ಲ, ದೊಡ್ಡ ಸಂಸ್ಥೆಗಳಲ್ಲೂ ಜೀವಗಳು ಹೋಗಿವೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಬೋರಿಂಗಿನ ನೀರಿನ ಕೆಳಗೆ ಹಿಡಿದ ಆ ಪುಟ್ಟ ಕೈ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಸೀಸೆಯ ಚೀಟಿಗೇ. ಅದು ಕನ್ನಡದಲ್ಲಿರಲಿಲ್ಲ ಎಂಬುದರ ಹಿಂದೆ ಈ ಸೀಮೆಯ ಕಥೆಯೇ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಕೌತಾಳ, ಕೋಸಿಗಿ, ಹೊಳಗುಂದ, ಹಾಲಹರವಿಗಳ ಮನೆಗಳಲ್ಲಿ ಕನ್ನಡ ಉಳಿಯಿತು, ಶಾಲೆಗಳಲ್ಲೂ ಉಳಿಯಿತು. ನಮಗೆ ಪಠ್ಯಪುಸ್ತಕ ಕನ್ನಡದಲ್ಲಿ ಬರುತ್ತಿತ್ತು, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತಿತ್ತು. ಪ್ರಯೋಗಾಲಯದ ಗೋಡೆಯ ಚಾರ್ಟು ತೆಲುಗಿನಲ್ಲಿ, ಸೀಸೆ ಇಂಗ್ಲಿಷಿನಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಪತ್ರಿಕೆ ಹೊರತಂದದ್ದು 1918ರಲ್ಲಿ. ಕನ್ನಡದಲ್ಲಿ ವಿಜ್ಞಾನ ಹೇಳಬಹುದು ಎಂದು ಅವರು ತೋರಿಸಿ ನೂರು ವರ್ಷ ದಾಟಿದೆ. ಆ ಕನ್ನಡವು ಪುಸ್ತಕದ ಹಾಳೆಯವರೆಗೆ ಬಂದು, ಕೈಗೆ ಅಪಾಯ ತರುವ ಸೀಸೆಯ ಹತ್ತಿರ ನಿಂತುಬಿಟ್ಟಿತ್ತು.

ಹೊಲದಲ್ಲಿ ನಮ್ಮ ಮಕ್ಕಳಿಗೆ ಇಷ್ಟು ಕಷ್ಟವಿಲ್ಲ. ಹತ್ತಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಮನೆಯವರೆಲ್ಲ ಡಬ್ಬಿಯ ಮೇಲಿನ ಬಣ್ಣ ನೋಡಿರುತ್ತಾರೆ: ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಹಸಿರು. ಅದನ್ನೇ ಹಿಡಿದು ನಾನು ಮಕ್ಕಳ ಜತೆ ಕೂತು ನಮ್ಮ ಚೀಟಿಗಳನ್ನು ಮಾಡಿದೆ. ದಪ್ಪ ಕಾಗದ, ಇಂಡಿಯನ್ ಇಂಕು. ಅದರ ಕಪ್ಪು ಇಂಗಾಲದ್ದು, ಆಮ್ಲಕ್ಕೆ ಮಾಸುವುದಿಲ್ಲ. ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ಇಂಗ್ಲಿಷಿನ ಹೆಸರು, ಎಷ್ಟು ಸಾಂದ್ರ, ಯಾವ ದಿನ ತುಂಬಿದ್ದು, ಒಂದು ಮೂಲೆಯಲ್ಲಿ ಬಣ್ಣದ ಬೊಟ್ಟು. ಅಂಟಿಸಿ ಒಣಗಿದ ಮೇಲೆ ಕರಗಿಸಿದ ಮೇಣದಬತ್ತಿಯನ್ನು ಕುಂಚದಿಂದ ಮೇಲೆಲ್ಲ ಬಳಿದೆವು. ಮೈಲುತುತ್ತ ಬರೆಯುವಾಗ ಮಕ್ಕಳಿಗೆ ಹಿಗ್ಗು. ಅದು ಅವರ ಅಪ್ಪಂದಿರು ಬಳಸುವ ಹೆಸರು, ತೆಲುಗಿನಲ್ಲೂ ಹೆಚ್ಚುಕಡಿಮೆ ಅದೇ. ಸಿಲ್ವರ್ ನೈಟ್ರೇಟಿನ ಕಂದು ಸೀಸೆ ತೊಳೆದ ಮರುದಿನ ನನ್ನ ಬೆರಳು ಕಪ್ಪಾಗಿತ್ತು. "ಓಟು ಹಾಕಿ ಬಂದ್ರೇನ್ರಿ ಮೇಡಂ?" ಎಂದು ಕೇಳಿದ ಹುಡುಗಿಗೆ ನಿಜವನ್ನೇ ಹೇಳಿದೆ: ಮೈಸೂರಿನ ಬಣ್ಣದ ಕಾರ್ಖಾನೆ ದೇಶದ ಚುನಾವಣೆಗಳಿಗೆ ಮಾಡಿಕೊಡುವ ಶಾಯಿಯಲ್ಲಿರುವುದೂ ಇದೇ. ಆಯುಧಪೂಜೆಯ ದಿನ ಚಾಚಾ ಕುಂಕುಮವನ್ನು ಬೀರುವಿನ ಬಾಗಿಲಿಗೆ ಹಚ್ಚಲು ಬಿಟ್ಟರು, ತಕ್ಕಡಿಗೆ ಬಿಡಲಿಲ್ಲ. ಎಲ್ಲರಿಗೂ ಅದು ಸರಿಯೆನಿಸಿತು.

ನಾನು ನಿವೃತ್ತಳಾಗಿ ಕೆಲವು ವರ್ಷಗಳಾದವು. ಚಾಚಾ ಈಗಿಲ್ಲ. ಕೈಯಲ್ಲಿ ಕಲೆ ಇರುವ ಆ ಹುಡುಗ ಹೋದ ತಿಂಗಳು ಸಿಕ್ಕಾಗ, ತನ್ನ ಮಗಳಿಗೆ ಅವಳ ಶಾಲೆಯ ಸೀಸೆಗಳ ಚೀಟಿ ಓದಲು ಬರುವುದಿಲ್ಲವಂತೆ ಎಂದು ಹೇಳಿದ.

ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿ ಬಳ್ಳಾರಿಗೋ ಬೆಂಗಳೂರಿಗೋ ಹೋಗಿ ಕೆಲಸದಲ್ಲಿರುವವರೇ, ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಒಂದು ಭಾನುವಾರ ನಿಮ್ಮ ಊರಿನ ಶಾಲೆಗೆ ಬನ್ನಿ. ಬರುವಾಗ ಒಂದು ಸೀಸೆ ಇಂಡಿಯನ್ ಇಂಕು, ಒಂದು ಕಟ್ಟು ಮೇಣದಬತ್ತಿ ತನ್ನಿ. ಕಾಗದ ನಾನು ತರುತ್ತೇನೆ.